ಮಗ ಪುಸ್ತಕ ಮುಟ್ಟುವುದಿಲ್ಲ, ಏನು ಕೊಡಲಿ? – ಮೊಬೈಲ್ ಗುಂಪಿನಲ್ಲಿ ಗ್ರಂಥಪಾಲಕಿಯೊಂದಿಗೆ ಪ್ರಶ್ನೋತ್ತರ

ತೀರ್ಥಹಳ್ಳಿ ಕಡೆಯ ತಾಯಿ:
ಮೇಡಂ, ನನ್ನ ಮಗ ಏಳನೇ ಕ್ಲಾಸು. ಓದಲು ಚೆನ್ನಾಗಿ ಬರುತ್ತದೆ, ಮಾರ್ಕ್ಸೂ ಪರವಾಗಿಲ್ಲ. ಆದರೆ ಪಾಠದ ಪುಸ್ತಕ ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಹೋದ ಸಲ ಹುಟ್ಟುಹಬ್ಬಕ್ಕೆ ದೊಡ್ಡವರ ಜೀವನ ಚರಿತ್ರೆಗಳು ಅಂತ ಐದು ಪುಸ್ತಕ ತಂದುಕೊಟ್ಟೆ. ಒಂದರಲ್ಲಿ ಎರಡು ಪುಟ ಓದಿ ಇಟ್ಟವನು ಮತ್ತೆ ತೆಗೆಯಲಿಲ್ಲ. ಮಳೆಗೆ ಶಾಲೆಗೆ ರಜೆ ಕೊಟ್ಟರೆ ಇಡೀ ದಿನ ಮೊಬೈಲು. ಯಾವ ಪುಸ್ತಕ ಕೊಟ್ಟರೆ ಓದುತ್ತಾನೆ?

ಉತ್ತರ:
ನಿಮ್ಮ ಮಗನಿಗೆ ಓದು ಬೇಡ ಅಂತಲ್ಲ. ಆ ಐದು ಪುಸ್ತಕಗಳು ನೀವು ಇಷ್ಟಪಟ್ಟವು, ಅವನು ಇಷ್ಟಪಟ್ಟವಲ್ಲ. ಅಷ್ಟೇ ಆಗಿರುವುದು.

ನಾನು 22 ವರ್ಷ ಶಾಲೆಯ ಗ್ರಂಥಾಲಯ ನೋಡಿಕೊಂಡವಳು. ಅಪ್ಪ ಅಮ್ಮಂದಿರು ಮಕ್ಕಳಿಗೆ ಪುಸ್ತಕ ಆರಿಸುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಎಲ್ಲರೂ ಪ್ರೀತಿಯಿಂದಲೇ ಆರಿಸುತ್ತಾರೆ. ಆದರೆ ಮಗು ಓದಬಲ್ಲದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನೇ ತೆಗೆಯುತ್ತಾರೆ. ‘ಇದರಿಂದ ಏನಾದರೂ ಕಲಿಯಲಿ’ ಅಂತ ಅವರ ಮನಸ್ಸಿನಲ್ಲಿರುತ್ತದೆ. ನಾನು ಹೇಳುವುದು ಇದಕ್ಕೆ ಉಲ್ಟಾ. ಖುಷಿಗೆ ಓದುವ ಪುಸ್ತಕ ಪಾಠದ ಪುಸ್ತಕಕ್ಕಿಂತ ಸುಲಭ ಇರಬೇಕು. ಏಳನೇ ಕ್ಲಾಸಿನ ಹುಡುಗ ಐದನೇ ಕ್ಲಾಸಿನ ಮಕ್ಕಳು ಓದುವ ಪುಸ್ತಕ ಹಿಡಿದರೆ ನಷ್ಟ ಏನೂ ಇಲ್ಲ. ಒಂದು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ನಾನೇ ಓದಿ ಮುಗಿಸಿದೆ ಅನ್ನುವುದು ಅವನಿಗೆ ಒಂದು ಸಲ ಸಿಗಬೇಕು. ಮುಂದಿನ ಪುಸ್ತಕವನ್ನು ಅವನೇ ಕೇಳುತ್ತಾನೆ.

ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಪುಸ್ತಕದ ಮಧ್ಯದ ಒಂದು ಪುಟ ತೆಗೆದು ಅವನಿಗೇ ಓದಲು ಹೇಳಿ. ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚಲಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಆ ಪುಸ್ತಕ ಈಗ ಬೇಡ. ಒಂದೋ ಎರಡೋ ಆದರೆ ಸರಿ.

ಇನ್ನೊಂದು ಹೇಳಿ. ಅವನು ಮೊಬೈಲಿನಲ್ಲಿ ಏನು ನೋಡುತ್ತಾನೆ?

ತೀರ್ಥಹಳ್ಳಿ ಕಡೆಯ ತಾಯಿ:
ಹೆಚ್ಚಾಗಿ ಹಾವು ಹಿಡಿಯುವುದು, ಹುಲಿ ಚಿರತೆ ವಿಡಿಯೋ. ರಜೆ ಬಂದರೆ ನಾಯಿ ಕಟ್ಟಿಕೊಂಡು ತೋಟ, ಹಳ್ಳ ಸುತ್ತುತ್ತಾನೆ ಮೇಡಂ.

ಉತ್ತರ:
ಹಾಗಿದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು ಅಕ್ಕಾ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ತನ್ನಿ. ಕಾಡು, ಶಿಕಾರಿ, ಕಿವಿ ಅನ್ನುವ ನಾಯಿ, ಮಾರ ಅನ್ನುವ ಆಳು, ಎಲ್ಲ ನಿಮ್ಮ ಮಗನಿಗೆ ಗೊತ್ತಿರುವ ಲೋಕವೇ. ಬಿಡಿ ಬಿಡಿ ಬರಹಗಳಾದ್ದರಿಂದ ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಓದಿನ ಅಭ್ಯಾಸ ಇಲ್ಲದ ಹುಡುಗನಿಗೆ ಇದು ದೊಡ್ಡ ಅನುಕೂಲ. 300 ಪುಟದ ಒಂದೇ ಕತೆ ಅಂದರೆ ಹೆದರಿಕೆ ಆಗುತ್ತದೆ. ಎಂಟು ಪುಟ ಅಂದರೆ ಹೆದರಿಕೆ ಇಲ್ಲ.

ಆಮೇಲೆ ಅವರದೇ ‘ಕಾಡಿನ ಕತೆಗಳು’. ಕೆನೆತ್ ಆಂಡರ್ಸನ್ ಅವರ ಶಿಕಾರಿ ಅನುಭವಗಳನ್ನು ಕನ್ನಡಕ್ಕೆ ತಂದ ಪುಸ್ತಕಗಳು ಅವು. ಕೊಡುವ ಮೊದಲು ಮಗನಿಗೆ ಒಂದು ವಿಷಯ ಹೇಳಿ. ಈ ಆಂಡರ್ಸನ್ ನಮ್ಮ ಜಿಲ್ಲೆಯಲ್ಲೂ ತಿರುಗಿದವರು. ಸಾಗರ ತಾಲ್ಲೂಕಿನ ತ್ಯಾಗರ್ತಿಯ ಹುಲಿಗಳ ಬಗ್ಗೆ, ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯ ಚೋರಡಿಯ ಹುಲಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ನಾನು ಇದನ್ನು ಹೇಳಿದಾಗ ಹುಡುಗರ ಕಣ್ಣು ಅಗಲ ಆಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಾವು ಬಸ್ಸಿನಲ್ಲಿ ಹೋಗುವ ಚೋರಡೀನಾ ಅಂತ ಕೇಳುತ್ತಾರೆ. ಅಷ್ಟು ಕೇಳಿದವನು ಪುಸ್ತಕ ಒಯ್ಯದೆ ಹೋದದ್ದು ಕಡಿಮೆ.

1980ರಲ್ಲಿ ಬಂದ ‘ಕರ್ವಾಲೋ’ ಈಗಲೇ ಬೇಡ. ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ ಆ ಕತೆ ಅವನಿಗೆ ಹಿಡಿಸಿಯೇ ಹಿಡಿಸುತ್ತದೆ. ಆದರೆ ಅದರೊಳಗಿನ ಯೋಚನೆಗೆ ಇನ್ನೆರಡು ವರ್ಷ ಬೇಕು. ಒಂಬತ್ತನೇ ಕ್ಲಾಸಿಗೆ ಇಟ್ಟುಕೊಳ್ಳಿ.

ಜೀವನ ಚರಿತ್ರೆಗಳನ್ನು ಎಸೆಯಬೇಡಿ. ಕಣ್ಣಿಗೆ ಬೀಳುವ ಜಾಗದಲ್ಲಿ ಸುಮ್ನೆ ಇಟ್ಟಿರಿ. ‘ಓದಿದ್ಯಾ’ ಅಂತ ಮಾತ್ರ ಕೇಳಬೇಡಿ.

ಶಿವಮೊಗ್ಗದ ಒಬ್ಬ ತಂದೆ:
ನಮ್ಮ ಸಮಸ್ಯೆ ಬೇರೆ ಮೇಡಂ. ಮಗಳು ಇಂಗ್ಲಿಷ್ ಮೀಡಿಯಂ, ಆರನೇ ಕ್ಲಾಸು. ಇಂಗ್ಲಿಷ್ ಪುಸ್ತಕ ಓದುತ್ತಾಳೆ. ಮನೆಯಲ್ಲಿ ಮಾತಾಡುವುದು ಕನ್ನಡವೇ. ಆದರೆ ಕನ್ನಡ ಓದು ಅಂದರೆ ಒಂದೊಂದೇ ಅಕ್ಷರ ಕೂಡಿಸುತ್ತಾಳೆ. ಒತ್ತಕ್ಷರ ಬಂದರೆ ನಿಂತೇ ಬಿಡುತ್ತಾಳೆ. ಇಂಗ್ಲಿಷ್ ಪುಸ್ತಕ ನಿಲ್ಲಿಸಿಬಿಡಲಾ?

ಉತ್ತರ:
ದಯವಿಟ್ಟು ನಿಲ್ಲಿಸಬೇಡಿ ಸರ್. ಓದುವ ಮಗುವಿನ ಕೈಯಿಂದ ಪುಸ್ತಕ ಕಿತ್ತುಕೊಂಡರೆ ಎರಡೂ ಭಾಷೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಓದುವುದಾದರೆ ಆರ್. ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕೊಟ್ಟು ನೋಡಿ. 1935ರ ಪುಸ್ತಕ, ಆದರೂ ಆ ಹುಡುಗ ಇವತ್ತಿನ ಹುಡುಗನ ಹಾಗೆಯೇ ಇದ್ದಾನೆ. ಅದರ ಟಿವಿ ಧಾರಾವಾಹಿಯನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಒಂದು ಭಾನುವಾರ ಆಗುಂಬೆಗೆ ಕರೆದುಕೊಂಡು ಹೋಗಿ ಬನ್ನಿ.

ಇನ್ನು ಕನ್ನಡ. ನಿಮ್ಮ ಮಗಳ ಕಿವಿ ಕನ್ನಡದಲ್ಲಿ ಆರನೇ ಕ್ಲಾಸಿನಲ್ಲಿದೆ, ಕಣ್ಣು ಒಂದನೇ ಕ್ಲಾಸಿನಲ್ಲಿದೆ. ಕಣ್ಣಿಗೆ ತಕ್ಕ ಪುಸ್ತಕ ಕೊಟ್ಟರೆ ‘ಇದು ಪಾಪುಗಳಿಗೆ’ ಅಂತ ಅವಳಿಗೆ ಅವಮಾನ. ಕಿವಿಗೆ ತಕ್ಕ ಪುಸ್ತಕ ಕೊಟ್ಟರೆ ಓದಲು ಆಗುವುದಿಲ್ಲ. ಈ ನಡುವಿನ ಅಂತರವನ್ನು ನೀವು ದನಿಯಲ್ಲಿ ತುಂಬಬೇಕು. ದಿನಾ ರಾತ್ರಿ ಹದಿನೈದು ನಿಮಿಷ ನೀವೇ ಓದಿ ಹೇಳಿ. ಆರನೇ ಕ್ಲಾಸಿನವಳಿಗೆ ಓದಿ ಹೇಳುವುದಾ ಅಂತ ಕೇಳಬೇಡಿ. ಹದಿಮೂರರ ಮಕ್ಕಳೂ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಪುಸ್ತಕ ಇಬ್ಬರ ಮಧ್ಯ ಇರಲಿ, ನಿಮ್ಮ ಬೆರಳು ಸಾಲಿನ ಕೆಳಗೆ ಓಡಲಿ. ವಾರ ಕಳೆದ ಮೇಲೆ ಮಾತು ಬರುವ ಕಡೆ ಒಂದು ಪಾತ್ರ ಅವಳಿಗೆ ಬಿಡಿ.

ಇದಕ್ಕೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಇಂಗ್ಲಿಷ್ ಕವಿ ಬ್ರೌನಿಂಗ್ ಬರೆದ ಜರ್ಮನಿಯ ಹ್ಯಾಮಲಿನ್ ಊರಿನ ಕತೆಯನ್ನು ಅವರು ನಮ್ಮ ತುಂಗೆಯ ದಡಕ್ಕೆ ತಂದಿದ್ದಾರೆ. ಇಲಿಗಳ ಸಾಲು ಬರುವ ಕಡೆ ಪದಗಳು ತಾವೇ ಓಡುತ್ತವೆ. ಲಯ ಗೊತ್ತಾಗಿಬಿಟ್ಟರೆ ಮುಂದಿನ ಪದ ಬಾಯಿಗೆ ಮೊದಲು ಬರುತ್ತದೆ, ಕಣ್ಣು ಹಿಂದಿನಿಂದ ಬಂದು ಅಕ್ಷರ ಗುರುತಿಸುತ್ತದೆ. ಒತ್ತಕ್ಷರದ ಭಯ ಹೋಗುವುದು ಹೀಗೆಯೇ. ಕಾಪಿ ಬರೆಸಿ ಹೋಗಿದ್ದನ್ನು ನಾನು ಕಂಡಿಲ್ಲ.

ಚಿಕ್ಕ ಚಿಕ್ಕ ಕತೆ ಬೇಕಾದರೆ ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ಇದೆ. ವರ್ಷವಿಡೀ ದಿನಕ್ಕೊಂದರಂತೆ ಕತೆ, ತಿಂಗಳಿಗೊಂದು ಸಂಪುಟ. ಅವರು ನಮ್ಮ ತೀರ್ಥಹಳ್ಳಿಯಲ್ಲಿ ಹುಟ್ಟಿದವರು, ವೃತ್ತಿಯಲ್ಲಿ ಡಾಕ್ಟರ್. ಮೊಬೈಲಿನಲ್ಲೇ ಓದುವುದಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಓದಿನ ಹಂತ 1ರಿಂದ 4ರವರೆಗೆ ಗುರುತು ಹಾಕಿದ್ದಾರೆ. ನಿಮ್ಮ ಮಗಳಿಗೆ 2ರಿಂದ ಶುರು ಮಾಡಿ. ಹಂತದ ಅಂಕಿಯನ್ನು ಅವಳಿಗೆ ತೋರಿಸಬೇಡಿ.

ಭದ್ರಾವತಿಯಿಂದ ಒಬ್ಬರು:
ಕಾಮಿಕ್ಸ್ ಓದಿದರೆ ಅದು ಓದು ಅಂತ ಲೆಕ್ಕ ಆಗುತ್ತಾ?

ಉತ್ತರ:
ಖಂಡಿತ ಆಗುತ್ತದೆ. ಚಿತ್ರ ನೋಡುತ್ತಾ, ಯಾರು ಯಾವ ಮಾತು ಹೇಳಿದರು ಅಂತ ಹಿಡಿದು, ಎರಡು ಚಿತ್ರದ ನಡುವೆ ಏನಾಯಿತು ಅಂತ ಊಹಿಸಬೇಕು. ಅದು ಸಣ್ಣ ಕೆಲಸವಲ್ಲ. ‘ಅಮರ ಚಿತ್ರ ಕಥೆ’ ಕಟ್ಟಿದ ಅನಂತ ಪೈ ನಮ್ಮ ಘಟ್ಟದ ಕೆಳಗಿನ ಕಾರ್ಕಳದವರು. ಅವನ್ನು ಹಿಡಿದೇ ಓದಿಗೆ ಬಂದವರು ಈ ಗುಂಪಿನಲ್ಲೇ ಎಷ್ಟು ಜನ ಇರಬಹುದು!

ಸಾಗರದ ಹತ್ತನೇ ಕ್ಲಾಸಿನ ಹುಡುಗಿ:
ಇದು ಅಮ್ಮನ ನಂಬರ್, ಆದರೆ ಕೇಳುತ್ತಿರುವುದು ನಾನು. ನನಗೆ ಕಾದಂಬರಿ ತುಂಬಾ ಇಷ್ಟ. ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ ಮುಟ್ಟಬಾರದು ಅಂತ ಮನೆಯಲ್ಲಿ ಎಲ್ಲ ಬೀರುವಿಗೆ ಹಾಕಿದ್ದಾರೆ. ಪ್ರೀತಿಯ ಕತೆ ಇರುವುದಂತೂ ಬೇಡವೇ ಬೇಡ ಅಂತಾರೆ. ಅದರಲ್ಲಿ ತಪ್ಪೇನಿದೆ ಮೇಡಂ?

ಉತ್ತರ:
ತಪ್ಪಿಲ್ಲ ಪುಟ್ಟಾ. ನೀನೇ ಬರೆದು ಕೇಳಿದ್ದು ನನಗೆ ತುಂಬಾ ಸಂತೋಷ ಆಯಿತು.

ಈ ಉತ್ತರ ನಿನ್ನ ಅಮ್ಮನಿಗೂ ಸೇರಿ. ಹದಿನೈದು ಹದಿನಾರರಲ್ಲಿ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳನ್ನು ಮಕ್ಕಳು ಬಾಯಿ ಬಿಟ್ಟು ಕೇಳುವುದಿಲ್ಲ. ಪ್ರೀತಿ, ಅವಮಾನ, ಸಾವು, ಜಾತಿ, ಸ್ನೇಹಿತರು ಬಿಟ್ಟುಹೋಗುವುದು, ಇವೆಲ್ಲ ಕತೆಯಲ್ಲಿ ಬೇರೆಯವರಿಗೆ ಆಗುವುದನ್ನು ನೋಡಿಕೊಂಡೇ ಅವರು ತಮ್ಮ ಉತ್ತರ ಹುಡುಕುತ್ತಾರೆ. ಪುಸ್ತಕ ಬೀರುವಿಗೆ ಹೋದರೆ ಪ್ರಶ್ನೆ ಹೋಗುವುದಿಲ್ಲ. ಆ ಪ್ರಶ್ನೆ ಮೊಬೈಲಿಗೆ ಹೋಗುತ್ತದೆ. ಯಾವುದೋ ಪುಸ್ತಕದ ಬಗ್ಗೆ ನಿಮಗೆ ಅಳುಕು ಇದ್ದರೆ ಅಮ್ಮಾ, ನೀವು ಮೊದಲು ಓದಿ. ಓದಿದ ಮೇಲೆ ಬೇಡ ಅನ್ನಿಸಿದರೆ ಯಾಕೆ ಬೇಡ ಅಂತ ಅವಳ ಹತ್ತಿರ ಕೂತು ಮಾತಾಡಿ. ಓದದೆ ಬೇಡ ಅನ್ನುವುದು ಅವಳಿಗೆ ನ್ಯಾಯವಲ್ಲ.

ಪರೀಕ್ಷೆಯ ವರ್ಷಕ್ಕೆ ನೀವಿಬ್ಬರೂ ಒಂದು ಒಪ್ಪಂದ ಮಾಡಿಕೊಳ್ಳಿ. ಮಲಗುವ ಮೊದಲು ಇಪ್ಪತ್ತು ನಿಮಿಷ ಅವಳ ಇಷ್ಟದ ಪುಸ್ತಕ. ಆ ಹೊತ್ತಿನಲ್ಲಿ ಮೊಬೈಲ್ ಬೇರೆ ರೂಮಿನಲ್ಲಿ.

ಪುಟ್ಟಾ, ನಿನ್ನೂರಿನವರೇ ಆದ ನಾ. ಡಿಸೋಜ ಅವರನ್ನು ಓದಿದ್ದೀಯಾ? ಶರಾವತಿ ಯೋಜನೆಯಲ್ಲಿ ಕೆಲಸ ಮಾಡುತ್ತಲೇ ಊರುಗಳು ನೀರಿನಡಿ ಹೋಗುವುದನ್ನು ಕಣ್ಣಾರೆ ಕಂಡವರು. ಆ ಯೋಜನೆಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮಕ್ಕಳಿಗಾಗಿ ಅವರು ಬರೆದ ‘ಮುಳುಗಡೆಯ ಊರಿಗೆ ಬಂದವರು’ ಪುಸ್ತಕಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅದು ಸಣ್ಣವರ ಪುಸ್ತಕ ಅನ್ನಿಸಿದರೆ ನೇರ ಅವರದೇ ಕಾದಂಬರಿ ‘ದ್ವೀಪ’ಕ್ಕೆ ಹೋಗು. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಮುಳುಗಡೆಯಿಂದ ಎದ್ದು ಬಂದ ಹಿರಿಯರು ಇದ್ದರೆ ಓದಿದ ಮೇಲೆ ಅವರ ಹತ್ತಿರ ಕೂರು.

ಹಿಡಿಸದ ಪುಸ್ತಕವನ್ನು 30 ಪುಟ ನೋಡಿ ಬಿಟ್ಟುಬಿಡು. ಪೂರ್ತಿ ಓದಲೇಬೇಕು ಅಂತ ಯಾರ ಕಟ್ಟುಪಾಡೂ ಇಲ್ಲ.

ಹೊಸನಗರ ತಾಲ್ಲೂಕಿನ ಶಿಕ್ಷಕರು:
ನಮ್ಮ ಶಾಲೆಯಲ್ಲಿ ಒಂದು ಬೀರು ತುಂಬಾ ಪುಸ್ತಕ ಇದೆ. ಕಳೆದುಹೋದರೆ ನಮ್ಮ ತಲೆಗೆ ಬರುತ್ತದೆ ಅಂತ ಬೀಗ ಹಾಕಿದ್ದೇವೆ. ಜೊತೆಗೆ ಮಳೆಗಾಲದಲ್ಲಿ ಬೂಸ್ಟು ಬೇರೆ.

ಉತ್ತರ:
ಬೀಗ ತೆಗೆಯಿರಿ ಸರ್. ನಿಮ್ಮ ಕಷ್ಟ ನನಗೆ ಗೊತ್ತು, ಸ್ಟಾಕ್ ರಿಜಿಸ್ಟರ್ ಹಿಡಿದು ಕೂತು ನಾನೂ ಹೆದರಿದ್ದೇನೆ. ಆದರೆ ಬೀಗ ಹಾಕಿದ ಬೀರುವಿನಲ್ಲಿ ಪುಸ್ತಕ ಕಳೆಯುವುದಿಲ್ಲ, ಹಾಳಾಗುತ್ತದೆ. ನಮ್ಮ ಮಳೆಯಲ್ಲಿ ಗಾಳಿ ಆಡದ ಪುಸ್ತಕಕ್ಕೆ ಬೂಸ್ಟು ಹಿಡಿದೇ ಹಿಡಿಯುತ್ತದೆ. ದಿನಾ ಕೈಯಿಂದ ಕೈಗೆ ಹೋಗುವ ಪುಸ್ತಕಕ್ಕೆ ಹಿಡಿಯುವುದು ಕಡಿಮೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆಯಿರಿ. ಪುಸ್ತಕ ಒತ್ತೊತ್ತಾಗಿ ತುರುಕಬೇಡಿ. ಮಳೆ ಬಿಟ್ಟ ದಿನ ಮಕ್ಕಳ ಕೈಲೇ ಒಣಬಟ್ಟೆಯಲ್ಲಿ ಒರೆಸಿ ಜಗಲಿಯ ನೆರಳಿನಲ್ಲಿ ಬಿಡಿಸಿಡಿ. ನಮ್ಮಲ್ಲಿ ಹಾಗೆ ಒರೆಸುತ್ತಾ ಒರೆಸುತ್ತಾ ಕೆಲಸ ಬಿಟ್ಟು ಓದುತ್ತಾ ಕೂತ ಮಕ್ಕಳನ್ನು ನಾನು ಎಬ್ಬಿಸುತ್ತಲೇ ಇರಲಿಲ್ಲ.

ಎಲ್ಲವನ್ನೂ ಒಟ್ಟಿಗೆ ಹೊರಗಿಡಬೇಡಿ. ಇಪ್ಪತ್ತು ಪುಸ್ತಕ ಒಂದು ಬುಟ್ಟಿಯಲ್ಲಿ, ಮುಖಪುಟ ಕಾಣುವ ಹಾಗೆ. ಎರಡು ವಾರಕ್ಕೊಮ್ಮೆ ಬದಲಾಯಿಸಿ. ಯಾರು ಒಯ್ದರು ಅಂತ ಬರೆದುಕೊಳ್ಳಲು ಏಳನೇ ಕ್ಲಾಸಿನ ಒಬ್ಬಳಿಗೆ ಹೇಳಿ, ನಿಮಗಿಂತ ಚೆನ್ನಾಗಿ ಲೆಕ್ಕ ಇಡುತ್ತಾಳೆ.

ಹತ್ತಿರದ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೂ ಮಕ್ಕಳನ್ನು ಕರೆದುಕೊಂಡು ಹೋಗಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ ಮಾಡಿದ್ದಾರೆ. ತನ್ನ ಹೆಸರಿನದೇ ಕಾರ್ಡ್ ಕೈಗೆ ಬಂದರೆ ಮಗುವಿಗೆ ಅದೇ ಒಂದು ಹೆಮ್ಮೆ.

ಕೊಪ್ಪದ ಕಡೆಯ ಅಜ್ಜ:
ಮೊಮ್ಮಗ ಓದಿದ ಮೇಲೆ ನಾನು ಪ್ರಶ್ನೆ ಕೇಳುತ್ತೇನೆ, ಇದರ ನೀತಿ ಏನು ಅಂತ. ಈಗೀಗ ನನ್ನ ಎದುರು ಪುಸ್ತಕ ತೆಗೆಯುವುದೇ ಇಲ್ಲ.

ಉತ್ತರ:
ಅಜ್ಜಾ, ನೀತಿ ಕೇಳುವುದನ್ನು ಬಿಡಿ. ಮಗುವಿಗೆ ಅದು ಇನ್ನೊಂದು ಪರೀಕ್ಷೆ. ಅದರ ಬದಲು ‘ನನಗೂ ಸ್ವಲ್ಪ ಓದಿ ಹೇಳು ಮಾರಾಯ, ಕನ್ನಡಕ ಎಲ್ಲೋ ಇದೆ’ ಅನ್ನಿ.

ಅಡಿಕೆ ಸುಲಿಯುವ ರಾತ್ರಿಗಳು ನಿಮಗೆ ನೆನಪಿರಬೇಕು. ನಮ್ಮ ಮನೆಯಲ್ಲಿ ಹೆಂಗಸರೆಲ್ಲ ಮೆಟ್ಟುಗತ್ತಿ ಮುಂದೆ ಕೂತಿರುತ್ತಿದ್ದರು. ಹತ್ತು ವರ್ಷದ ನನಗೆ ಕತ್ತಿ ಮುಟ್ಟಲು ಬಿಡುತ್ತಿರಲಿಲ್ಲ. ದೀಪದ ಹತ್ತಿರ ಕೂತು ಕತೆ ಓದುವುದು ನನ್ನ ಕೆಲಸ. ತಪ್ಪು ಓದಿದರೆ ಯಾರೂ ತಿದ್ದುತ್ತಿರಲಿಲ್ಲ. ನಿಲ್ಲಿಸಿದರೆ ಮಾತ್ರ ‘ಮುಂದೇನಾಯ್ತೇ’ ಅಂತ ನಾಲ್ಕು ಕಡೆಯಿಂದ ಕೂಗು. ಓದುವವಳು ಅಂತ ನನ್ನನ್ನು ನಾನು ತಿಳಿದುಕೊಂಡದ್ದು ಅಲ್ಲಿ. ಈಗ ಸುಲಿಯುವ ಮಿಷನ್ ಬಂದ ಮನೆಗಳೇ ಜಾಸ್ತಿ. ಆದರೆ ಅವರೆಕಾಳು ಬಿಡಿಸುವಾಗ, ಬಾಳೆಲೆ ಒರೆಸುವಾಗ ಈಗಲೂ ಓದಿಸಬಹುದು ಅಲ್ವಾ? ಅವನು ನಿಲ್ಲಿಸಿದಾಗ ಮುಂದೇನಾಯ್ತು ಅಂತ ಕೇಳಿ. ನೀವು ಕೇಳಬಹುದಾದ ಪ್ರಶ್ನೆ ಅದೊಂದೇ.

ತೀರ್ಥಹಳ್ಳಿ ಕಡೆಯ ತಾಯಿ (ಮೂರು ವಾರದ ನಂತರ):
ಮೇಡಂ, ‘ಪರಿಸರದ ಕತೆ’ ತಂದು ಜಗಲಿಯಲ್ಲಿಟ್ಟೆ. ನಾಲ್ಕು ದಿನ ತಿರುಗಿಯೂ ನೋಡಲಿಲ್ಲ. ಐದನೇ ದಿನ ಕರೆಂಟ್ ಹೋಗಿತ್ತು, ನಾಯಿ ಇರುವ ಕಡೆ ತೆಗೆದು ಓದಿದ. ಆಮೇಲೆ ಅಲ್ಲೊಂದು ಇಲ್ಲೊಂದು. ಪೂರ್ತಿ ಓದಿಲ್ಲ. ಆದರೆ ನಿನ್ನೆ ಊಟಕ್ಕೆ ಕೂತಾಗ ಆ ಚೋರಡಿ ಹುಲಿ ಯಾವ ಪುಸ್ತಕದಲ್ಲಿದೆ, ಕನ್ನಡದಲ್ಲಿ ಸಿಗುತ್ತಾ ಅಂತ ಅವನೇ ಕೇಳಿದ.

ಉತ್ತರ:
ಪೂರ್ತಿ ಓದಿಸಬೇಡಿ, ಅದನ್ನು ಅಲ್ಲಿಗೇ ಬಿಡಿ. ಶನಿವಾರ ಅವನನ್ನೇ ಪುಸ್ತಕದ ಅಂಗಡಿಗೆ ಕರೆದುಕೊಂಡು ಹೋಗಿ. ಆ ಪ್ರಶ್ನೆಯನ್ನು ಅಂಗಡಿಯವರ ಹತ್ತಿರ ಅವನೇ ಕೇಳಲಿ, ನೀವು ಬಾಗಿಲ ಹತ್ತಿರ ನಿಂತಿರಿ.