ಮನೆಯಲ್ಲಿ ರೈಟ್ ಮಾಡಿದ ಸಿಡಿ ಕಾರಿನಲ್ಲಿ ಓಡ್ತಿಲ್ಲ, ಏನು ಮಾಡಬಹುದು?

ಕೊಟ್ಟಿಗೆಹಾರದವ:
ಎಲ್ಲರಿಗೂ ನಮಸ್ಕಾರ. ಅಪ್ಪನ ಹತ್ತಿರ ತಾಳಮದ್ದಳೆಯ ಹಳೆ ಕ್ಯಾಸೆಟ್ ತುಂಬಾ ಇವೆ. ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗುವಾಗ ಕೇಳಿಕೊಂಡು ಹೋಗಲಿ ಅಂತ ಅವನ್ನೆಲ್ಲ ಕಂಪ್ಯೂಟರ್‌ಗೆ ಹಾಕಿ ಸಿಡಿ ರೈಟ್ ಮಾಡಿದ್ದೇನೆ. ಕಾರು ಹಳೆಯದು, ಪೆನ್ ಡ್ರೈವ್ ಹಾಕೋಕೆ ಜಾಗ ಇಲ್ಲ. ಅಂಗಡಿ ಸಿಡಿಗಳು ಚೆನ್ನಾಗಿ ಓಡುತ್ತವೆ. ನನ್ನ ಸಿಡಿ-ಆರ್‌ಡಬ್ಲ್ಯೂ (ಅಳಿಸಿ ಮತ್ತೆ ಬರೆಯಬಹುದಾದ ಸಿಡಿ) ಹಾಕಿದರೆ ಮಾತ್ರ ಸ್ವಲ್ಪ ಹೊತ್ತು ಗರ್ ಅಂತ ತಿರುಗಿ, ಎರರ್ ತೋರಿಸಿ ಹೊರಗೆ ತಳ್ಳುತ್ತೆ. ಆಡಿಯೋ ಸಿಡಿ ಮಾಡಿದ ಒಂದು ಸಿಡಿ-ಆರ್ (ಒಮ್ಮೆ ಬರೆದರೆ ಅಳಿಸಲಾಗದ ಸಿಡಿ) ಓಡುತ್ತೆ, ಆದರೆ ಘಾಟಿಯಲ್ಲಿ ಗುಂಡಿ ಬಂದಾಗೆಲ್ಲ ಎಗರುತ್ತೆ. ಅದು ಸಾಲದು ಅಂತ ಅರ್ಥಗಾರಿಕೆ ರಂಗೇರಿದಾಗಲೇ ಟ್ರ್ಯಾಕ್ ಬದಲಾಗಿ ಎರಡು ಸೆಕೆಂಡ್ ಸದ್ದಿಲ್ಲ. ಅಪ್ಪನಿಗೆ ಅದೇ ಬೇಜಾರು. ಯಾರಿಗಾದರೂ ಗೊತ್ತಾ?

ಹಾಸನ ರಿಪೇರಿ:
ಆರ್‌ಡಬ್ಲ್ಯೂ ಬಿಟ್ಟುಬಿಡಿ ಸರ್. ಅಂಗಡಿ ಸಿಡಿ ಮೇಲೆ ಬಿದ್ದ ಲೇಸರ್ ಬೆಳಕಲ್ಲಿ ಸುಮಾರು 70% ವಾಪಸ್ ಬರುತ್ತೆ, ಸಿಡಿ-ಆರ್ ಕೂಡ ಹೆಚ್ಚುಕಡಿಮೆ ಅಷ್ಟೇ. ಆರ್‌ಡಬ್ಲ್ಯೂನಲ್ಲಿ ಬರೋದು 15ರಿಂದ 25% ಮಾತ್ರ. ಹಳೆ ಕಾರ್ ಸ್ಟೀರಿಯೋಗೆ ಅಷ್ಟು ಮಂದ ಬೆಳಕು ಸಾಲೋದಿಲ್ಲ. ಲೆನ್ಸ್‌ಗೆ ಧೂಳು ಕೂತಿದ್ದರೆ ಕೇಳೋದೇ ಬೇಡ. ಟ್ರ್ಯಾಕ್ ನಡುವಿನ ಎರಡು ಸೆಕೆಂಡ್‌ಗೆ ಕಾರಣ ರೈಟ್ ಮಾಡುವ ರೀತಿ. ಸಾಫ್ಟ್‌ವೇರ್‌ನಲ್ಲಿ 'ಡಿಸ್ಕ್ ಅಟ್ ಒನ್ಸ್' (ಇಡೀ ಸಿಡಿಯನ್ನ ನಡುವೆ ನಿಲ್ಲಿಸದೆ ಒಂದೇ ಸಲ ಬರೆಯೋದು) ಆರಿಸಿ, ಟ್ರ್ಯಾಕ್ ನಡುವಿನ ಗ್ಯಾಪ್ ಸೊನ್ನೆ ಇಡಿ. ರೈಟ್ ಮಾಡೋ ಸ್ಪೀಡ್ 16xಗಿಂತ ಜಾಸ್ತಿ ಬೇಡ.

ಬಾಳೆಹೊನ್ನೂರು ಕಾಫಿ:
ಸ್ಟೀರಿಯೋ ಮುಂದೆ ಎಂಪಿ3 ಅಂತ ಬರೆದಿದೆಯಾ ನೋಡಿ. ಇದ್ದರೆ ಆಡಿಯೋ ಸಿಡಿ ಯಾಕೆ ಮಾಡ್ತೀರಿ? ಅದರಲ್ಲಿ ಹಿಡಿಯೋದು 80 ನಿಮಿಷ, ಒಂದು ಪ್ರಸಂಗವೂ ಮುಗಿಯಲ್ಲ. ಡೇಟಾ ಸಿಡಿ ಮಾಡಿ 128 ಕೆಬಿಪಿಎಸ್ ಎಂಪಿ3 ತುಂಬಿಸಿದರೆ 12 ಗಂಟೆ ಹಿಡಿಯುತ್ತೆ. ಎಗರೋದೂ ಕಡಿಮೆ ಆಗುತ್ತೆ. ಗುಂಡಿಯಲ್ಲಿ ಲೆನ್ಸ್ ತಪ್ಪಿದಾಗ ಸ್ಟೀರಿಯೋ ಮೊದಲೇ ಓದಿಟ್ಟುಕೊಂಡಿದ್ದನ್ನ ನುಡಿಸುತ್ತಾ ಇರುತ್ತೆ. ಆಡಿಯೋ ಸಿಡಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು, ಇದಕ್ಕೆ 128 ಸಾಕು. ಅಷ್ಟೇ ಮೆಮೊರಿಯಲ್ಲಿ ಹನ್ನೊಂದು ಪಟ್ಟು ಹೊತ್ತು ತಳ್ಳಬಹುದು, ಅಲ್ವಾ? ಕೊನೆಗೆ ಡಿಸ್ಕ್ ಫೈನಲೈಸ್ ಮಾಡೋದು (ಇನ್ನೇನೂ ಸೇರಿಸೋಕೆ ಆಗದ ಹಾಗೆ ಮುಗಿಸೋದು) ಮರೀಬೇಡಿ, ಇಲ್ಲದಿದ್ದರೆ ಕಂಪ್ಯೂಟರ್ ಓದುತ್ತೆ, ಕಾರು ಓದಲ್ಲ.

ಕೊಟ್ಟಿಗೆಹಾರದವ:
ಎಂಪಿ3 ಅಂತ ಬರೆದಿದೆ! ಇವತ್ತೇ ಮಾಡ್ತೀನಿ. ಪ್ರಸಂಗದ ಹೆಸರು ಬರೆದು ಚೀಟಿ ಅಂಟಿಸಬಹುದಾ? ಅಪ್ಪನಿಗೆ ಗುರುತು ಸಿಗಬೇಕು.

ಹಾಸನ ರಿಪೇರಿ:
ಖಂಡಿತ ಬೇಡ ಮಾರಾಯ್ರೆ. ಬಿಸಿಲಿಗೆ ನಿಂತ ಕಾರಲ್ಲಿ ಅಂಟು ಕರಗಿ, ಚೀಟಿ ಒಳಗೇ ಸುರುಳಿ ಸುತ್ತಿಕೊಂಡರೆ ಸಿಡಿ ಹೊರಗೆ ಬರಲ್ಲ, ಸ್ಟೀರಿಯೋ ಬಿಚ್ಚಬೇಕಾಗುತ್ತೆ. ಬಾಲ್ ಪೆನ್ ಕೂಡ ಬೇಡ. ಸಿಡಿಯಲ್ಲಿ ರೆಕಾರ್ಡ್ ಆಗಿರೋ ಪದರ ಇರೋದು ಹೆಸರು ಬರೆಯೋ ಮೇಲಿನ ಬದಿಗೇ ಹತ್ತಿರ, ತೆಳು ವಾರ್ನಿಷ್ ಕೆಳಗೆ. ಮೆತ್ತಗಿನ ಸಿಡಿ ಮಾರ್ಕರ್ ತಗೊಳ್ಳಿ, ಮಧ್ಯದ ಪಾರದರ್ಶಕ ಉಂಗುರದ ಮೇಲೆ ಬರೆದರೆ ಇನ್ನೂ ಒಳ್ಳೇದು. ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಮುಂದೆ 01, 02 ಅಂತ ನಂಬರ್ ಹಾಕಿ, ಇಲ್ಲದಿದ್ದರೆ ಪ್ರಸಂಗ ಹಿಂದುಮುಂದಾಗುತ್ತೆ. ರೈಟ್ ಮಾಡಿದ ಸಿಡಿಯ ಬಣ್ಣದ ಪದರ ಬಿಸಿಲಿಗೆ ಕೆಡುತ್ತೆ, ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಕ್ಯಾಸೆಟ್‌ನಿಂದ ತೆಗೆದ ಮೂಲ ಫೈಲ್‌ಗಳನ್ನ ಬೇರೆ ಹಾರ್ಡ್ ಡಿಸ್ಕ್‌ಗೂ ಒಂದು ಕಾಪಿ ಹಾಕಿಡಿ ಸರ್, ಅಂಥ ತಾಳಮದ್ದಳೆ ಹೋದರೆ ಮತ್ತೆ ಸಿಗಲ್ಲ.