ಸಹಾಯ ಬೇಕು: ಅಗ್ನಿಶಾಮಕ ಸಿಲಿಂಡರ್‌ಗಳ ತಪಾಸಣೆ ಹೇಗೆ ಮಾಡುತ್ತೀರಿ?

ಎಲ್ಲರಿಗೂ ನಮಸ್ಕಾರ. ನಮ್ಮ ಕಾರ್ಖಾನೆಯ 12 ಅಗ್ನಿಶಾಮಕ ಸಿಲಿಂಡರ್‌ಗಳ ಹೊಣೆ ಕಳೆದ ತಿಂಗಳು ನನ್ನ ಪಾಲಿಗೆ ಬಂತು. ಮೊದಲ ದಿನವೇ ಒಂದೊಂದನ್ನೂ ನೋಡಿಕೊಂಡು ಬಂದೆ. ಉಗ್ರಾಣದ ಸಿಲಿಂಡರನ್ನು ರಟ್ಟಿನ ಪೆಟ್ಟಿಗೆಗಳ ಹಿಂದಿನಿಂದ ಹುಡುಕಿ ತೆಗೆಯಬೇಕಾಯಿತು. ಕೊಳವೆಯ ಬಾಯಲ್ಲಿ ಜೇಡ ಬಲೆ ಕಟ್ಟಿತ್ತು, ಪಿನ್ನಿನ ಸೀಲ್ ಹರಿದಿತ್ತು, ಒತ್ತಡ ಮಾಪಕದ ಮುಳ್ಳು ಮಾತ್ರ ಹಸಿರಿನಲ್ಲೇ ನಿಂತಿತ್ತು. ವಿಚಾರಿಸಿದರೆ, ಯಾರೋ ಒಮ್ಮೆ ಒತ್ತಿ ನೋಡಿದ್ದರಂತೆ. ಅದು ಬೆಂಕಿ ಆರಿಸುವ ಪುಡಿ ತುಂಬಿದ ಸಿಲಿಂಡರ್; ಅಂಥದ್ದನ್ನು ಸ್ವಲ್ಪ ಒತ್ತಿದರೂ ಕವಾಟದಲ್ಲಿ ಪುಡಿ ಸಿಕ್ಕಿಕೊಂಡು ಒತ್ತಡ ಮೆಲ್ಲಗೆ ಸೋರಿಹೋಗಬಹುದು. ಹಾಗಾಗಿ ಬದಲಿ ತರಿಸಿಟ್ಟು, ಅದನ್ನು ಮರುಭರ್ತಿಗೆ ಕಳಿಸಿದೆ.

ಈಗ ನನ್ನ ನಿಜವಾದ ತೊಡಕು ವಿದ್ಯುತ್ ಫಲಕದ ಕೋಣೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ಗಳದ್ದು. ಅವುಗಳಿಗೆ ಒತ್ತಡ ಮಾಪಕವಿಲ್ಲ, ತೂಕವೇ ಆಧಾರ. ಅನಿಲದ ತೂಕ 10 ಶೇಕಡಾಕ್ಕಿಂತ ಹೆಚ್ಚು ಇಳಿದಿದ್ದರೆ ಮರುಭರ್ತಿ ಮಾಡಿಸಬೇಕು. ನೀವು ಇವನ್ನು ಸ್ಥಳದಲ್ಲೇ ತೂಗುತ್ತೀರಾ, ಹೊರಗೆ ಕಳಿಸುತ್ತೀರಾ? ನೇತುಹಾಕುವ ತಕ್ಕಡಿ ಸಾಕೇ, ನೆಲದ ಮೇಲಿನದೇ ಬೇಕೇ? ತೂಗುವಾಗ ಅನಿಲ ಹೊರಬರುವ ಕೊಂಬಿನಾಕಾರದ ಬಾಯನ್ನು ಬಿಚ್ಚುತ್ತೀರಾ?

ಇನ್ನೊಂದು ವಿಷಯ. ಯಂತ್ರಗಳ ಅದುರುವಿಕೆಗೆ ಸಿಲಿಂಡರಿನ ಪುಡಿ ತಳದಲ್ಲಿ ಗಟ್ಟಿಯಾಗುತ್ತದೆ ಎಂಬ ಭಯ ನನಗಿದೆ. ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಲುಗಾಡಿಸಿ ಎಂದು ಕೆಲವರು, ಅದರ ಅಗತ್ಯವೇ ಇಲ್ಲ ಎಂದು ಕೆಲವರು ಹೇಳುತ್ತಾರೆ. ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದವರು ದಯವಿಟ್ಟು ನಿಮ್ಮ ಅನುಭವ ತಿಳಿಸಿ. ನೀವು ಬಳಸುವ ತಪಾಸಣಾ ಪಟ್ಟಿಯ ಚಿತ್ರ ಹಾಕಿದರೆ ಬಹಳ ಉಪಕಾರವಾಗುತ್ತದೆ. ರಾತ್ರಿ ಪಾಳಿಯಲ್ಲಿ 40 ಜನ ಕೆಲಸ ಮಾಡುತ್ತಾರೆ, ಇದನ್ನು ತಡಮಾಡಲು ನನಗೆ ಮನಸ್ಸಿಲ್ಲ.