ಪರಿಸರಕ್ಕೂ ಒಳ್ಳೆಯದು, ಜನರಿಗೂ ಒಳ್ಳೆಯದು. ಮತ್ತೆ ಸಾರಿಗೆ ಯೋಜನೆಗಳು ದುಡ್ಡಿಲ್ಲದೆ ಸೊರಗೋದು ಯಾಕೆ?

ಯೋಜನೆ ವಿದ್ಯಾರ್ಥಿನಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಗರ ಯೋಜನೆಯಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ಪ್ರಬಂಧಕ್ಕೆ ಸುಸ್ಥಿರ ಸಾರಿಗೆ ಅಂತ ವಿಷಯ ತೆಗೆದುಕೊಂಡಿದ್ದೇನೆ. ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ.

ಪರಿಸರದ ಕಡೆಯ ಲೆಕ್ಕ ಅರ್ಥವಾಗುತ್ತದೆ. ಜಗತ್ತಿನಲ್ಲಿ ಇಂಧನ ಬಳಕೆಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗ ಸಾರಿಗೆಯದು. ಅದರಲ್ಲೂ ಮುಕ್ಕಾಲು ಪಾಲು ರಸ್ತೆ ಮೇಲಿನ ವಾಹನಗಳದು. ಹಾಗಾದರೆ ಬಸ್ಸು, ರೈಲು, ಸೈಕಲ್ಲು ಹೆಚ್ಚಾಗಬೇಕು, ಕಾರು ಕಡಿಮೆಯಾಗಬೇಕು. ಇದರಲ್ಲಿ ಯಾರಿಗೂ ತಕರಾರಿಲ್ಲ.

ಆದರೆ ಹಣದ ಅಧ್ಯಾಯಕ್ಕೆ ಬಂದಾಗ ಕೈಕಾಲು ಆಡುತ್ತಿಲ್ಲ. ಮೆಟ್ರೋ ಅಂದಾಜನ್ನು ಮೀರಿ ಹೋಗುತ್ತದೆ. ಬಸ್ ಸಂಸ್ಥೆಗಳು ನಷ್ಟದಲ್ಲಿರುತ್ತವೆ. ಬ್ಯಾಟರಿ ಬಸ್ಸು ಡೀಸೆಲ್ ಬಸ್ಸಿಗಿಂತ ದುಬಾರಿ. ಒಂದು ನಗರದ ಹತ್ತಿರ ಇರೋದೇ ಸ್ವಲ್ಪ ದುಡ್ಡು ಅಂದುಕೊಳ್ಳಿ. ಅದನ್ನು ಮೊದಲು ಎಲ್ಲಿ ಹಾಕಬೇಕು? ಯಾಕೆ? "ಎಲ್ಲದಕ್ಕೂ ಸ್ವಲ್ಪ ಸ್ವಲ್ಪ" ಎನ್ನುವ ಉತ್ತರ ಪುಸ್ತಕಗಳಲ್ಲಿ ಸಿಕ್ಕಿದೆ. ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ನೇರದಾರಿ:

ಮೊದಲು ರಸ್ತೆ ಅಗಲ ಮಾಡಬೇಕು ಅಂತ ನನ್ನ ಅಭಿಪ್ರಾಯ. ಗಾಡಿಗಳು ನಿಂತಲ್ಲೇ ನಿಂತು ಇಂಜಿನ್ ಓಡಿಸುತ್ತಿದ್ದರೆ ಹೊಗೆ ಜಾಸ್ತಿ, ಇಂಧನ ದಂಡ. ಫ್ಲೈಓವರ್ ಆದರೆ ಎಲ್ಲರೂ ಬೇಗ ಹೋಗುತ್ತಾರೆ, ಬಸ್ಸೂ ಬೇಗ ಹೋಗುತ್ತದೆ. ಪರಿಸರಕ್ಕೂ ಲಾಭವೇ ಅಲ್ವಾ?

ಷೆಡ್ಯೂಲ್ ಮನುಷ್ಯ:

ಬಸ್ ಡಿಪೋದಲ್ಲಿ ಷೆಡ್ಯೂಲ್ ಹಾಕುವ ಕೆಲಸದಲ್ಲೇ ನನ್ನ ಸರ್ವೀಸ್ ಪೂರ್ತಿ ಕಳೆದದ್ದು. ಹಾಗಾಗಿ ಬಸ್ಸಿನ ಲೆಕ್ಕದಿಂದಲೇ ಹೇಳುತ್ತೇನೆ.

ನೇರದಾರಿ ಅವರೇ, ರಸ್ತೆ ಅಗಲ ಮಾಡಿದ ಮೊದಲ ವರ್ಷ ನೀವು ಹೇಳಿದ ಹಾಗೇ ಆಗುತ್ತದೆ. ಆಮೇಲೆ ಆಗೋದಿಲ್ಲ. ಡ್ಯುರಾಂಟನ್ ಮತ್ತು ಟರ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಹೆದ್ದಾರಿ ಲೆಕ್ಕ ತೆಗೆದು 2011ರಲ್ಲಿ ಪ್ರಕಟಿಸಿದರು. ರಸ್ತೆ ಎಷ್ಟು ಪಾಲು ಹೆಚ್ಚಿತೋ, ಗಾಡಿಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚಿತ್ತು. ಮೊದಲು ಮನೆಯಲ್ಲೇ ಇರುತ್ತಿದ್ದವರು ಹೊರಡುತ್ತಾರೆ. ಬಸ್ಸಿನಲ್ಲಿದ್ದವರು ಕಾರಿಗೆ ಹೋಗುತ್ತಾರೆ. ಇನ್ನಷ್ಟು ದೂರದಲ್ಲಿ ಬಡಾವಣೆ ಏಳುತ್ತದೆ. ಸಾಲ ಮಾತ್ರ ನಗರದ ತಲೆ ಮೇಲೆ ಉಳಿಯುತ್ತದೆ.

ಈಗ ಪ್ರಶ್ನೆ ಕೇಳಿದವರಿಗೆ. "ಬಸ್ ಸಂಸ್ಥೆಗೆ ನಷ್ಟ" ಅಂದಿರಲ್ಲ, ಆ ನಷ್ಟ ಎಲ್ಲಿಂದ ಹುಟ್ಟುತ್ತದೆ ನೋಡಿ. ಒಂದು ರೂಟಿನಲ್ಲಿ ಹೋಗಿ ಬರೋಕೆ 80 ನಿಮಿಷ ಅಂದುಕೊಳ್ಳಿ. ಕೊನೆಯ ಸ್ಟಾಪಿನಲ್ಲಿ ಡ್ರೈವರ್ ಇಳಿದು ಸುಧಾರಿಸಿಕೊಳ್ಳೋಕೆ 10 ನಿಮಿಷ. ಒಟ್ಟು 90. ಹತ್ತು ನಿಮಿಷಕ್ಕೊಂದು ಬಸ್ಸು ಬೇಕಾದರೆ 9 ಬಸ್ಸು ಸಾಕು. ಆ ದಾರಿಯಲ್ಲಿ ಕಾರು ಜಾಸ್ತಿ ಆದವು, ಹೋಗಿ ಬರೋ ಸಮಯ 110 ನಿಮಿಷ ಆಯಿತು. ಈಗ ಸುತ್ತು 120 ನಿಮಿಷದ್ದು. ಅದೇ ಹತ್ತು ನಿಮಿಷಕ್ಕೊಂದು ಬಸ್ಸು ಬಿಡೋಕೆ 12 ಬಸ್ಸು ಬೇಕು. ಮೂರು ಬಸ್ಸು ಹೆಚ್ಚಾಯಿತು. ಎರಡು ಪಾಳಿಗೆ ಡ್ರೈವರ್‌ಗಳು, ಅವರ ವಾರದ ರಜೆಗೆ ಬದಲಿ ಸಿಬ್ಬಂದಿ, ಡಿಪೋದಲ್ಲಿ ಜಾಗ, ರಿಪೇರಿ ಎಲ್ಲ ಸೇರಿತು. ಪ್ರಯಾಣಿಕರು ಒಬ್ಬರೂ ಹೆಚ್ಚಲಿಲ್ಲ. ಟಿಕೆಟ್ ದುಡ್ಡು ಅಷ್ಟೇ.

ಮೂರು ಬಸ್ಸು ಕೊಡೋದಿಲ್ಲ ಅಂದರೆ? ಒಂಬತ್ತೇ ಬಸ್ಸಿನಲ್ಲಿ ಓಡಿಸಿದರೆ ಹತ್ತು ನಿಮಿಷದ ಕಾಯುವಿಕೆ ಹದಿಮೂರು ದಾಟುತ್ತದೆ. ಒಂದು ಬಸ್ಸು ತಡವಾದರೆ ಸ್ಟಾಪಿನಲ್ಲಿ ಜನ ಜಾಸ್ತಿ ಸೇರುತ್ತಾರೆ. ಅವರನ್ನು ಹತ್ತಿಸಿಕೊಳ್ಳುತ್ತಾ ಅದು ಇನ್ನೂ ತಡವಾಗುತ್ತದೆ. ಹಿಂದಿನ ಬಸ್ಸು ಖಾಲಿ ಓಡಿಬಂದು ಅದರ ಬೆನ್ನಿಗೇ ಅಂಟಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಬಂದು ಹೋದ ಮೇಲೆ ಇಪ್ಪತ್ತೈದು ನಿಮಿಷ ಬಸ್ಸೇ ಇಲ್ಲ. ಸ್ಟಾಪಿನಲ್ಲಿ ನಿಂತವರು ಬೇಸತ್ತು ಸ್ವಂತ ಗಾಡಿ ಕೊಳ್ಳುತ್ತಾರೆ. ರಸ್ತೆ ಇನ್ನಷ್ಟು ತುಂಬುತ್ತದೆ. ಸುತ್ತಿನ ಸಮಯ ಮತ್ತೆ ಏರುತ್ತದೆ. ಕಾರುಗಳಿಂದ ಆದ ಖರ್ಚನ್ನು ಬಸ್ಸಿನ ಖಾತೆಯಲ್ಲಿ ಬರೆದು, ಬಸ್ಸಿಗೆ ನಷ್ಟ ಅನ್ನುತ್ತಾರೆ. ಇದನ್ನು ನೋಡಿ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಹಾಗಾಗಿ ನನ್ನ ಉತ್ತರ: ಮೊದಲ ದುಡ್ಡು ಬಸ್ಸಿಗೆ ಪ್ರತ್ಯೇಕ ಪಥ ಮಾಡೋಕೆ. ಸುತ್ತು 120ರಿಂದ 90ಕ್ಕೆ ಇಳಿದರೆ ಮೂರು ಬಸ್ಸು ಬಿಡುವಾಗುತ್ತವೆ. ಹೊಸದಾಗಿ ಏನೂ ಕೊಳ್ಳದೆ ಇನ್ನೊಂದು ರೂಟಿಗೆ ಹಾಕಬಹುದು. ಅಷ್ಟೇ ಜನಕ್ಕೆ ಕಡಿಮೆ ಇಂಧನ ಸುಡುತ್ತದೆ. ಬ್ರೆಜಿಲ್‌ನ ಕುರಿಟಿಬಾ 1974ರಲ್ಲೇ ಈ ದಾರಿ ಹಿಡಿಯಿತು. ಕೊಲಂಬಿಯಾದ ಬೊಗೊಟಾ 2000ದಲ್ಲಿ ಟ್ರಾನ್ಸ್‌ಮಿಲೇನಿಯೊ ಎಂಬ ಇಂಥದ್ದೇ ಬಸ್ ವ್ಯವಸ್ಥೆ ಶುರು ಮಾಡಿತು. ಬೊಗೊಟಾದಲ್ಲಿ ಆಮೇಲೆ ವಿಪರೀತ ನೂಕುನುಗ್ಗಲು ಆಯಿತು, ಜನ ಪ್ರತಿಭಟನೆಯನ್ನೂ ಮಾಡಿದರು. ಪಥ ಒಂದೇ ಸಾಲದು, ಬಸ್ಸುಗಳೂ ಬೆಳೆಯುತ್ತಾ ಹೋಗಬೇಕು.

ಮೆಟ್ರೋ ಬೇಡ ಅಂತ ನಾನು ಹೇಳೋದಿಲ್ಲ. ಒಂದೇ ದಾರಿಯಲ್ಲಿ ಗಂಟೆಗೆ ಹತ್ತಾರು ಸಾವಿರ ಜನ ಹೋಗುವ ಕಡೆ ಅದು ಬೇಕೇ ಬೇಕು. ಆದರೆ ಅಂದಾಜುಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಫ್ಲೈವ್‌ಬ್ಯೋರ್ ಎಂಬ ಡೆನ್ಮಾರ್ಕ್‌ನ ಪ್ರಾಧ್ಯಾಪಕರು ಸಂಗಡಿಗರ ಜೊತೆ ಹಲವು ದೇಶಗಳ ಯೋಜನೆಗಳನ್ನು ಹೋಲಿಸಿ ನೋಡಿದ್ದಾರೆ. ರೈಲು ಯೋಜನೆಗಳ ಖರ್ಚು ಸರಾಸರಿ ಶೇ. 45ರಷ್ಟು ಮೀರಿತ್ತು. ಪ್ರಯಾಣಿಕರು ಅಂದುಕೊಂಡದ್ದರಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಬಂದಿದ್ದರು. ಇನ್ನೊಂದು: ನಿಲ್ದಾಣ ಬಂದ ಮೇಲೆ ಸುತ್ತಲಿನ ಜಾಗದ ಬೆಲೆ ಏರುತ್ತದೆ. ಹಾಂಗ್‌ಕಾಂಗ್‌ನ ಎಂಟಿಆರ್ ಎಂಬ ಮೆಟ್ರೋ ಸಂಸ್ಥೆ ನಿಲ್ದಾಣದ ಮೇಲೆ, ಪಕ್ಕದಲ್ಲಿ ಕಟ್ಟಡ ಕಟ್ಟಿಸಿ ಆ ಏರಿಕೆಯ ಪಾಲನ್ನು ತಾನೇ ಪಡೆಯುತ್ತದೆ. ಬೇರೆ ಎಷ್ಟೋ ಕಡೆ ಅದು ಜಾಗದ ಮಾಲೀಕರಿಗೆ ಸುಮ್ನೆ ಹೋಗುತ್ತದೆ.

ಕೊನೆಗೆ ಒಂದು ಮಾತು. ಎಷ್ಟೋ ಕಡೆ ಬಸ್ಸು ಕೊಳ್ಳೋಕೆ ಅನುದಾನ ಸಿಗುತ್ತದೆ, ಓಡಿಸೋಕೆ ಸಿಗೋದಿಲ್ಲ. ಹೊಸ ಬಸ್ಸುಗಳು ಡಿಪೋದ ಗೋಡೆ ಪಕ್ಕ ನಿಂತು, ಟೈರಿನ ಸುತ್ತ ಹುಲ್ಲು ಬೆಳೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಡ್ರೈವರ್ ಹುದ್ದೆಗಳೇ ಮಂಜೂರಾಗಿರಲಿಲ್ಲ. ಯಾವ ಯೋಜನೆ ಓದಿದರೂ ಹತ್ತು ವರ್ಷ ಓಡಿಸುವ ದುಡ್ಡು ಎಲ್ಲಿಂದ ಅಂತ ಬರೆದಿದ್ದಾರಾ ನೋಡಿ.

ನೇರದಾರಿ:

ಒಂದು ಪಥ ಬಸ್ಸಿಗೆ ಕೊಟ್ಟರೆ ಉಳಿದವರ ಗತಿ ಏನು? ಅದು ಅರ್ಧ ಹೊತ್ತು ಖಾಲಿ ಬಿದ್ದಿರುತ್ತದೆ.

ಷೆಡ್ಯೂಲ್ ಮನುಷ್ಯ:

ಖಾಲಿ ಕಾಣೋದು ನಿಜ. ಆದರೆ ಗಾಡಿ ಎಣಿಸಬೇಡಿ, ಜನ ಎಣಿಸಿ. ಸಿಗ್ನಲ್‌ಗಳಿರುವ ರಸ್ತೆಯ ಒಂದು ಪಥದಲ್ಲಿ ಗಂಟೆಗೆ 800 ಕಾರು ಹೋದವು ಅನ್ನಿ. ಒಂದೊಂದರಲ್ಲಿ ಒಬ್ಬರೋ ಇಬ್ಬರೋ, ಸರಾಸರಿ ಒಂದೂವರೆ. ಅಲ್ಲಿಗೆ 1,200 ಜನ. ನಿಮಿಷಕ್ಕೊಂದು ಬಸ್ಸು, ಒಂದರಲ್ಲಿ 60 ಜನ ಅಂದರೂ 3,600. ಅದೇ ಡಾಂಬರು, ಅದೇ ಅಗಲ. ಹೌದು, ಅರ್ಧ ಗಂಟೆಗೊಂದು ಬಸ್ಸು ಬರುವ ರಸ್ತೆಯಲ್ಲಿ ಪ್ರತ್ಯೇಕ ಪಥ ಮಾಡೋದು ತಪ್ಪೇ.

ಸಬ್‌ಸ್ಟೇಷನ್:

ನಾನು ವಿದ್ಯುತ್ ಇಂಜಿನಿಯರ್. ಬ್ಯಾಟರಿ ಬಸ್ಸಿನ ಬಗ್ಗೆ ಯಾರೂ ಹೇಳಿಲ್ಲ, ಅದನ್ನು ಸೇರಿಸುತ್ತೇನೆ.

ಎಲ್ಲರೂ ಬಸ್ಸಿನ ಬೆಲೆ ನೋಡುತ್ತಾರೆ, ಡಿಪೋ ಮರೆಯುತ್ತಾರೆ. ನೂರು ಬಸ್ಸು, ಒಂದೊಂದಕ್ಕೆ ರಾತ್ರಿ 250 ಯೂನಿಟ್ ತುಂಬಿಸಬೇಕು ಅಂತ ಹಿಡಿಯಿರಿ. 25,000 ಯೂನಿಟ್ ಆಯಿತು. ಬಸ್ಸುಗಳು ಡಿಪೋದಲ್ಲಿ ಇರೋದೇ ಐದು ಗಂಟೆ ಅಂದರೆ ಗಂಟೆಗೆ 5,000 ಯೂನಿಟ್, ಅಂದರೆ 5 ಮೆಗಾವ್ಯಾಟ್ ಬೇಕು. ಅಷ್ಟನ್ನು ಮಾಮೂಲಿ ಕನೆಕ್ಷನ್ ಕೊಡೋದಿಲ್ಲ. ಟ್ರಾನ್ಸ್‌ಫಾರ್ಮರ್, ಕೇಬಲ್, ಕೆಲವೊಮ್ಮೆ ಹೊಸ ಸಬ್‌ಸ್ಟೇಷನ್ನೇ ಬೇಕು. ಅದಕ್ಕೆ ಜಾಗ ಬೇಕು, ಸಮಯ ಬೇಕು. ಚೀನಾದ ಶೆನ್‌ಜೆನ್ 2017ರ ಕೊನೆಗೆ ತನ್ನ 16,000ಕ್ಕೂ ಹೆಚ್ಚು ಬಸ್ಸುಗಳನ್ನು ಪೂರ್ತಿ ವಿದ್ಯುತ್ತಿಗೆ ಬದಲಿಸಿತು. ಸರ್ಕಾರದ ದೊಡ್ಡ ಸಹಾಯಧನ, ಚಾರ್ಜಿಂಗ್ ಜಾಗ ಎರಡೂ ಒಟ್ಟಿಗೆ ಸಿಕ್ಕಿದ್ದರಿಂದ ಅದು ಆಯಿತು.

ಪರಿಸರದ ಕಡೆ: ಬೀದಿಯಲ್ಲಿ ಹೊಗೆ ನಿಲ್ಲುತ್ತದೆ, ಅದು ದೊಡ್ಡ ಲಾಭ. ಕರೆಂಟು ಕಲ್ಲಿದ್ದಲಿನಿಂದ ಬಂದರೆ ಇಂಗಾಲದ ಉಳಿತಾಯ ಕಡಿಮೆಯಾಗುತ್ತದೆ. ಟೈರು ಸವೆದು ಬರುವ ಧೂಳು ನಿಲ್ಲೋದಿಲ್ಲ. ಬ್ಯಾಟರಿಯಿಂದ ಹೆಚ್ಚುವ ತೂಕವನ್ನೂ ಮರೆಯಬೇಡಿ. ಅಮೆರಿಕದ ಇಲಿನಾಯ್‌ನಲ್ಲಿ 1950ರ ದಶಕದ ಕೊನೆಗೆ ನಡೆದ ರಸ್ತೆ ಪರೀಕ್ಷೆಯಿಂದ ಬಂದ ಸೂತ್ರದ ಪ್ರಕಾರ, ರಸ್ತೆಯ ಸವೆತ ಆಕ್ಸಲ್ (ಚಕ್ರಗಳ ಅಚ್ಚು) ಮೇಲಿನ ಭಾರದ ನಾಲ್ಕನೇ ಘಾತದಂತೆ ಏರುತ್ತದೆ. ಭಾರ ಶೇ. 20 ಜಾಸ್ತಿಯಾದರೆ ಸವೆತ ಹತ್ತಿರಹತ್ತಿರ ಎರಡು ಪಟ್ಟು. ಇನ್ನೊಂದು ಕಡೆ ವಿದ್ಯುತ್ ವಾಹನ ಹೆಚ್ಚಿದಂತೆ ಪೆಟ್ರೋಲ್, ಡೀಸೆಲ್ ತೆರಿಗೆ ಇಳಿಯುತ್ತದೆ. ರಸ್ತೆ ರಿಪೇರಿಗೆ ದುಡ್ಡು ಎಲ್ಲಿಂದ ತರೋದು ಅಂತ ಈಗಲೇ ಯೋಚಿಸಬೇಕು. ಬ್ಯಾಟರಿ ಬಸ್ಸು ಬೇಕು ಅನ್ನುವವಳೇ ನಾನು, ಆದರೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಬ್ಯಾಟರಿ ಬಸ್ಸೂ ತಡವಾಗೇ ಬರುತ್ತದೆ. ಅದರಲ್ಲಿ ಷೆಡ್ಯೂಲ್ ಸರ್ ಮಾತು ಸರಿ.

ಯೋಜನೆ ವಿದ್ಯಾರ್ಥಿನಿ:

ತುಂಬಾ ಥ್ಯಾಂಕ್ಸ್. 9 ಮತ್ತು 12 ಬಸ್ಸಿನ ಲೆಕ್ಕ ನಾನು ಎಲ್ಲೂ ಓದಿರಲಿಲ್ಲ. ಓಡಿಸುವ ದುಡ್ಡಿಗೆ ಕಾರುಗಳ ಮೇಲೆ ದಟ್ಟಣೆ ಶುಲ್ಕ (ವಾಹನ ದಟ್ಟಣೆ ಇರುವ ಪ್ರದೇಶದಲ್ಲಿ ಓಡಾಡೋಕೆ ಕಟ್ಟುವ ಹಣ) ಹಾಕಬಹುದಲ್ಲವೇ? ಆದರೆ ಅದರಿಂದ ಬಡವರಿಗೆ ಹೊಡೆತ ಬೀಳುತ್ತದೆ ಅಂತಾರೆ, ಸರ್.

ಷೆಡ್ಯೂಲ್ ಮನುಷ್ಯ:

ಹಾಕಬಹುದು. ಸಿಂಗಪುರ 1975ರಲ್ಲೇ ಹಾಕಿತು, ಲಂಡನ್ 2003ರಲ್ಲಿ. ನೀವು ಓದಬೇಕಾದ್ದು ಸ್ಟಾಕ್‌ಹೋಮ್ ಬಗ್ಗೆ. ಅಲ್ಲಿ 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗ ಮಾಡಿದರು. ಶುಲ್ಕದ ಗಡಿ ದಾಟುವ ಗಾಡಿಗಳು ಸುಮಾರು ಶೇ. 20 ಕಡಿಮೆಯಾದವು. ಶುರುವಿಗೆ ಮುಂಚೆ ವಿರೋಧ ಜೋರಾಗಿತ್ತು. ಸೆಪ್ಟೆಂಬರ್‌ನಲ್ಲಿ ಜನಮತ ಕೇಳಿದಾಗ ನಗರದ ಮತದಾರರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಒಪ್ಪಿದ್ದರು. 2007ರಲ್ಲಿ ಕಾಯಂ ಆಯಿತು. ನನಗೆ ಮುಖ್ಯ ಅನಿಸೋದು ಇನ್ನೊಂದು: ಹೆಚ್ಚಿನ ಬಸ್ಸುಗಳನ್ನು ಅವರು 2005ರ ಆಗಸ್ಟ್‌ನಲ್ಲೇ ಬಿಟ್ಟಿದ್ದರು. ಮೊದಲು ಬಸ್ಸು ಬಂತು, ಆಮೇಲೆ ಶುಲ್ಕ.

ಬಡವರ ಪ್ರಶ್ನೆಗೆ ಉತ್ತರ ಆ ಕ್ರಮದಲ್ಲೇ ಇದೆ. ತುಂಬಾ ಬಡವರು ಕಾರು ಇಟ್ಟುಕೊಂಡಿರೋದಿಲ್ಲ, ಅವರು ಕಾಯುತ್ತಾ ನಿಂತಿರೋದು ಬಸ್ ಸ್ಟಾಪಿನಲ್ಲಿ. ಹೊಡೆತ ಬೀಳೋದು ಬೆಳಗಿನ ಜಾವ ನಾಲ್ಕಕ್ಕೆ ಆಸ್ಪತ್ರೆ ಗುಡಿಸೋಕೆ ಹೊರಟು, ಶುಲ್ಕದ ಹೊತ್ತಿನಲ್ಲಿ ವಾಪಸ್ ಬರುವವರಂಥವರಿಗೆ. ಆ ಹೊತ್ತಿಗೆ ಬಸ್ಸಿಲ್ಲ ಅಂತ ಹೇಗೋ ಸ್ವಂತ ಗಾಡಿ ಇಟ್ಟುಕೊಂಡಿರುತ್ತಾರೆ. ಬಂದ ಶುಲ್ಕದಿಂದ ಮೊದಲು ನಾಲ್ಕು ಗಂಟೆಯ ಬಸ್ಸು ಬಿಡಬೇಕು. ಟಿಕೆಟ್ ಆದಾಯದಲ್ಲಿ ಆ ಟ್ರಿಪ್ ಯಾವತ್ತೂ ಗಿಟ್ಟೋದಿಲ್ಲ. ಹಾಗಾಗಿ ಕತ್ತರಿ ಮೊದಲು ಬೀಳೋದೂ ಆ ಟ್ರಿಪ್ಪಿಗೇ.

ಪ್ರಬಂಧಕ್ಕೆ ಒಂದೇ ಒಂದು ರೂಟು ಹಿಡಿಯಿರಿ. ಬೆಳಗ್ಗೆ ಆರಕ್ಕೆ ಹೊರಟ ಬಸ್ಸಿನ ಸುತ್ತಿನ ಸಮಯ, ಒಂಬತ್ತಕ್ಕೆ ಹೊರಟದ್ದರ ಸಮಯ ಎರಡನ್ನೂ ಕೇಳಿ ಪಡೆಯಿರಿ. ಜಿಪಿಎಸ್ ಇರುವ ಬಸ್ಸಾದರೆ ಯಾವ ಎರಡು ಸ್ಟಾಪಿನ ನಡುವೆ ಸಮಯ ಹೋಗುತ್ತಿದೆ ಅಂತಲೂ ಸಿಗುತ್ತದೆ. ಸಾಮಾನ್ಯವಾಗಿ ಇಡೀ ರೂಟು ಕೆಟ್ಟಿರೋದಿಲ್ಲ, ಎರಡು ಮೂರು ಜಾಗ ಇರುತ್ತವೆ. ಅಷ್ಟು ಉದ್ದಕ್ಕೆ ಪಥ ಬಿಡಿಸಿದರೆ ಎಷ್ಟು ಬಸ್ಸು ಉಳಿಯುತ್ತವೆ, ಎಷ್ಟು ಡೀಸೆಲ್ ಉಳಿಯುತ್ತದೆ ಅಂತ ಲೆಕ್ಕ ಹಾಕಿ. ಅಂಕಿ ಸಿಕ್ಕ ಮೇಲೆ ಇಲ್ಲೇ ಹಾಕಿ, ಕೂತು ನೋಡೋಣ.